ಉಪ್ಪು, ಇದ್ದಿಲು, ತಾಮ್ರ

ಮರಿತಾಯಮ್ಮನ ಮನೆಯ ಸೂರು ಕಚ್ಚುತ್ತಿತ್ತು. ಅವಳದೊಂದೇ ಅಲ್ಲ, ಗೊಬ್ಬಳಿಹುಂಡಿಯ ಕೇರಿಯಲ್ಲಿ ಸಾಲಾಗಿ ನಿಂತ ಹದಿನಾಲ್ಕು ಮನೆಗಳ ಸೂರೂ ಕಚ್ಚುತ್ತಿತ್ತು. ಹೊತ್ತು ಮುಳುಗುವ ತನಕ ಗದ್ದೆಯಲ್ಲಿ ಬಗ್ಗಿ ದುಡಿದು, ಕಾಲುವೆಯಲ್ಲಿ ಕೆಸರು ತೊಳೆದುಕೊಂಡು, ಒದ್ದೆ ಕಾಲಲ್ಲೇ ಬಂದು ಬಾಗಿಲಲ್ಲಿ ತಲೆ ತಗ್ಗಿಸುವಾಗ ಕೈ ತಾನಾಗಿ ಸೂರಿನ ಜಿಂಕ್ ಶೀಟಿನ ಅಂಚಿಗೆ ಹೋಗುತ್ತಿತ್ತು. ಚುರ್ ಅನ್ನುತ್ತಿತ್ತು. ಮೊಣಕೈವರೆಗೆ ಜೋಮು. ಬರುಬರುತ್ತಾ ಹೆಂಗಸರು ಬಾಗಿಲು ದಾಟುವಾಗ ಎರಡು ಕೈಯನ್ನೂ ಎದೆಗೆ ಕಟ್ಟಿಕೊಳ್ಳುವುದನ್ನು ಕಲಿತರು. ಊರಿನ ದೊಡ್ಡವರ ಮುಂದೆ ನಿಲ್ಲುವ ಹಾಗೆ ತಮ್ಮ ಮನೆಯೊಳಕ್ಕೆ ತಾವೇ ಕೈಕಟ್ಟಿಕೊಂಡು ಹೋಗುತ್ತಿದ್ದರು.

ಆ ಹದಿನಾಲ್ಕು ಮನೆಗಳಲ್ಲಿ ಒಂದಕ್ಕೂ ಕರೆಂಟು ಇರಲಿಲ್ಲ. ದೀಪಕ್ಕೆ ಸೀಮೆಎಣ್ಣೆಯ ಬುಡ್ಡಿ.

ಕರೆಂಟು ಇದ್ದದ್ದು ತಲೆಯ ಮೇಲೆ. ತಿರುಮಕೂಡಲು ನರಸೀಪುರದ ಕಡೆಯಿಂದ ನಂಜನಗೂಡಿನ ಕಡೆಗೆ ಹೋಗುವ ದೊಡ್ಡ ಲೈನು. ಎರಡು ಲಕ್ಷ ವೋಲ್ಟಿನದು ಎಂದು ಟವರು ನಿಲ್ಲಿಸಲು ಬಂದವರು ಹೇಳಿದ್ದರು. ಸರ್ಕಾರ ಮನೆ ಕೊಟ್ಟದ್ದು ತೊಂಬತ್ತನಾಲ್ಕರಲ್ಲಿ. ಲೈನು ಬಂದದ್ದು ತೊಂಬತ್ತಾರರಲ್ಲಿ. ಮೊದಲ ಸಲ ಅಳತೆಯವರು ಗೂಟ ಹೊಡೆದದ್ದು ಊರಿನ ದೊಡ್ಡ ಕುಳ ಪುಟ್ಟಬಸವಯ್ಯನವರ ಬಾಳೆತೋಟದಲ್ಲಿ. ಅವರು ಎರಡು ಸಲ ಮೈಸೂರಿಗೆ ಹೋಗಿ ಬಂದರು. ಮೂರನೆಯ ವಾರಕ್ಕೆ ಗೂಟಗಳು ತೋಟ ಬಿಟ್ಟು ಕೇರಿಯ ಬೆನ್ನಿಗೆ ಬಂದವು. ಕೇರಿಯವರನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಕೂಲಿಗೆ ಮಾತ್ರ. ಟವರಿನ ಕಬ್ಬಿಣದ ಪಟ್ಟಿಗಳನ್ನು ರಸ್ತೆಯಿಂದ ಹೆಗಲ ಮೇಲೆ ಹೊತ್ತು ತಂದವರು ಕೇರಿಯ ಗಂಡಸರೇ. ಮರಿತಾಯಮ್ಮನ ಮಾವ ಮರಿಯಯ್ಯ ಆಗಲೇ ಅರವತ್ತು ದಾಟಿದ್ದವನು. ಅವನೂ ಹೊತ್ತ. ಹೆಗಲ ಚರ್ಮ ಸುಲಿದು ಹದಿನೈದು ದಿನ ಕೊಬ್ಬರಿ ಎಣ್ಣೆ ಹಚ್ಚಿಕೊಂಡ.

ಮೊದಮೊದಲು ಸೂರು ಕಚ್ಚಿದರೆ ನಗುತ್ತಿದ್ದರು. ಮಕ್ಕಳು ಪಂದ್ಯ ಕಟ್ಟಿ ಮುಟ್ಟುತ್ತಿದ್ದರು. ತೊಂಬತ್ತೆಂಟರ ಮೇ ತಿಂಗಳಲ್ಲಿ ಆ ನಗು ನಿಂತಿತು. ಮರಿತಾಯಮ್ಮನ ಮಗಳು ಕವನ ಶೀಟಿನ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಬಾಚಲು ಏಣಿ ಹತ್ತಿದಳು. ಆಗಷ್ಟೇ ಪಾತ್ರೆ ತೊಳೆದ ಕೈ. ಅಂಚು ಹಿಡಿದಳು. ಕೈ ಹಿಂದಕ್ಕೆ ಎಗರಿತು. ಏಣಿಯಿಂದ ಬೆನ್ನ ಮೇಲೆ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಬರುವ ವರ್ಷ ಹತ್ತನೇ ಕ್ಲಾಸು ಬರೆಯಬೇಕಾದ ಹುಡುಗಿ. ಅಪ್ಪ ಬೋರಯ್ಯ ತೀರಿಹೋಗಿ ಐದು ವರ್ಷವಾಗಿತ್ತು. ಆ ಮನೆಯಲ್ಲಿ ಅಕ್ಷರ ಎಂದು ಇದ್ದದ್ದು ಆ ಒಂದು ಕೈಯಲ್ಲಿ.

ಅರ್ಜಿಯನ್ನು ಕವನ ಎಡಗೈಯಲ್ಲಿ ಬರೆದಳು. ಮರಿತಾಯಮ್ಮ ಅದನ್ನು ಮಡಿಸಿಕೊಂಡು ನಂಜನಗೂಡಿನ ಕರೆಂಟ್ ಆಫೀಸಿಗೆ ಹೋದಳು. ಹತ್ತು ಗಂಟೆಗೆ ನಿಂತವಳನ್ನು ಮೂರು ಗಂಟೆಗೆ ಒಳಕ್ಕೆ ಕರೆದರು. ಇಂಜಿನಿಯರು ಚಿಕ್ಕ ವಯಸ್ಸಿನವರು. ಕಾಗದ ನೋಡಿ, ಕೋಳಿ ಕೆರೆದಿದೆಯೇನಮ್ಮ ಎಂದು ನಕ್ಕರು. ಕಂಬದಿಂದ ಕೊಕ್ಕೆ ಹಾಕಿ ಕರೆಂಟು ಕದೀತೀರಿ, ಅದು ಶೀಟಿಗೆ ತಾಗಿರುತ್ತೆ, ಆಮೇಲೆ ನಮ್ಮ ಹತ್ತಿರ ಬಂದು ಅಳ್ತೀರಿ ಎಂದರು. ಕಂಬವೇ ಇಲ್ಲ ಎಂದಳು. ಹಾಗಾದರೆ ಲೈನಿನ ಕೆಳಗೆ ಯಾಕೆ ಮನೆ ಕಟ್ಟಿದಿರಿ ಎಂದು ಕೇಳಿದರು. ಮನೆ ಮೊದಲು, ಲೈನು ಆಮೇಲೆ ಎಂದಳು. ಅವರು ಅಷ್ಟರಲ್ಲಿ ಬೇರೆ ಫೈಲು ಬಿಡಿಸಿದ್ದರು.

ಆದರೂ ಮಾರನೆಯ ವಾರ ಒಬ್ಬನನ್ನು ಕಳಿಸಿದರು. ಅವನು ಟೆಸ್ಟರು ತಂದ. ಶೀಟಿಗೆ ಮುಟ್ಟಿಸಿದ. ಟೆಸ್ಟರಿನೊಳಗಿನ ಕೆಂಪು ದೀಪ ಹತ್ತಿತು. ಮನೆಯೊಳಗೆ ಹೋಗಿ ವೈರು ಹುಡುಕಿದ. ಹಿಟ್ಟಿನ ಮಡಕೆಗೆ ಕೈ ಹಾಕಿದ, ಕೌದಿ ಕೊಡವಿದ, ದೇವರ ಪಟ ತಿರುಗಿಸಿ ನೋಡಿದ. ಏನೂ ಸಿಗಲಿಲ್ಲ. ಎಲ್ಲಿ ಬಚ್ಚಿಟ್ಟಿದೀಯ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಳ್ಳತನ ಎಂದು ಬರೆದುಕೊಂಡು ಹೋದ. ಮರಿತಾಯಮ್ಮ ಕೆಳಗೆ ಚೆಲ್ಲಿದ ಹಿಟ್ಟನ್ನು ಬಳಿದು, ಜರಡಿ ಹಿಡಿದು, ಮತ್ತೆ ಮಡಕೆಗೆ ತುಂಬಿದಳು.

ಅವಳು ಎರಡನೆಯ ಸಲ ಆಫೀಸಿಗೆ ಹೋಗಿ ಬರಿಗೈಲಿ ಬಸ್‌ಸ್ಟ್ಯಾಂಡಿಗೆ ಬಂದಾಗ ಹಿಂದಿನಿಂದ ಒಬ್ಬ ಹಿರಿಯ ಕರೆದ. ಖಾಕಿ ಅಂಗಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಸೋಸಲೆ ಕಡೆಯವನು, ಲೈನ್‌ಮನ್ ಚಲುವಯ್ಯ. ಅವಳನ್ನು ಹೋಟೆಲಿನ ಬೆಂಚಿನ ಮೇಲೆ ಕೂರಿಸಿ, ತಾನು ಕುಡಿಯುವಂಥದೇ ಲೋಟದಲ್ಲಿ ಟೀ ತರಿಸಿಕೊಟ್ಟ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಮುಖ ನೋಡಿ ತಿಳಿದನೋ ಏನೋ, ಎರಡು ಬನ್ನೂ ಇಟ್ಟ.

"ನೀವು ಕದ್ದಿಲ್ಲ ಅಂತ ನಂಗೆ ಗೊತ್ತು ಕಣವ್ವ," ಎಂದ. "ಒಲೆ ಮುಟ್ಟದೆ ಇದ್ರೂ ಪಕ್ಕದಲ್ಲಿ ಕೂತರೆ ಕಾವು ಬರಾಕಿಲ್ವಾ, ಅಂಗೇ ಇದು. ಮೇಲಿನ ತಂತಿ ಮುಟ್ಟದೇನೇ ಕೆಳಗಿನ ಶೀಟಿಗೆ ಕರೆಂಟು ಏರ್ತದೆ. ಅದಕ್ಕೆ ಇಳಿಯಾಕೆ ದಾರಿ ಇಲ್ಲ. ನೀವು ಮುಟ್ತೀರಿ, ನಿಮ್ಮ ಮೈಯೊಳಗಿಂದ ಇಳೀತದೆ. ಬೇರೆ ದಾರಿ ಕೊಡಬೇಕು ಅಷ್ಟೆ."

ಆ ದಾರಿಗೆ ಅರ್ತು ಎನ್ನುತ್ತಾರೆ ಎಂದು ತಿಳಿಸಿ, ಕೈಬೆರಳು ಮಡಿಸಿ ಮಡಿಸಿ ವಿವರ ಹೇಳಿದ. ತೇವ ಇರುವ ಜಾಗದಲ್ಲಿ ಆಳುದ್ದ ಗುಂಡಿ. ಅದರೊಳಗೆ ನಿಲ್ಲಿಸಿದ ಹಾಗೆ ಒಂದು ತಾಮ್ರದ ತಗಡು. ಸುತ್ತ ಒಂದು ವರಸೆ ಇದ್ದಿಲು, ಒಂದು ವರಸೆ ಕಲ್ಲುಪ್ಪು. ತಗಡಿನಿಂದ ತಂತಿ ತಂದು ಶೀಟಿಗೆ ಬಿಗಿಯಬೇಕು. ಒಂದು ಮನೆಯ ಶೀಟಿನಿಂದ ಇನ್ನೊಂದಕ್ಕೆ ಎಳೆದರೆ ಇಡೀ ಸಾಲಿಗೆ ಆಯಿತು. ಇದನ್ನು ಆಫೀಸಿನವರೇ ಮಾಡಿಕೊಡಬೇಕಾದದ್ದು. ಮಾಡಿದರೆ ಲೈನು ತಪ್ಪು ಜಾಗದಲ್ಲಿದೆ ಎಂದು ಒಪ್ಪಿಕೊಂಡಂತೆ. ಅದಕ್ಕೇ ಮಾಡುವುದಿಲ್ಲ.

ಮುಂದಿನ ವಾರ ಅದೇ ಬೆಂಚಿನ ಹತ್ತಿರ ಅವನು ನ್ಯೂಸ್‌ಪೇಪರಿನಲ್ಲಿ ಸುತ್ತಿದ ತಾಮ್ರದ ತಗಡು, ಒಂದು ಸುರುಳಿ ತಂತಿ ಕೊಟ್ಟ. ಗುಜರಿ ಅಂಗಡಿಯಲ್ಲಿ ಕೊಂಡದ್ದು ಎಂದ. ದುಡ್ಡಿನ ಮಾತು ಎತ್ತಲು ಬಿಡಲಿಲ್ಲ. ಒಂದೇ ಮಾತು ಕೇಳಿದ: "ನನ್ನೆಸರು ಎಲ್ಲೂ ಎತ್ತಬ್ಯಾಡಿ ತಾಯಿ. ಇನ್ನೆಂಟು ತಿಂಗಳಿಗೆ ರಿಟೈರು. ನಾನು ಯೋಳ್ಕೊಟ್ಟೆ ಅಂತ ಗೊತ್ತಾದ್ರೆ ಪಿಂಚಣಿಗೆ ಕಲ್ಲಾಕ್ತಾರೆ." ಅವಳು ಎತ್ತುವುದಿಲ್ಲ ಎಂದಳು.

ಇದ್ದಿಲು ಕೇರಿಯ ಒಲೆಗಳಲ್ಲೇ ಸಿಕ್ಕಿತು. ಉಪ್ಪು ಒಂದು ಕುಕ್ಕೆಯಷ್ಟು ಬೇಕಿತ್ತು. ಮರಿತಾಯಮ್ಮ ಬೆಳಗಿನ ಹೊತ್ತು ಪುಟ್ಟಬಸವಯ್ಯನವರ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಳು. ಅವರ ಹೆಂಡತಿ ಮುದ್ದಮ್ಮನವರ ಹತ್ತಿರ ಹಿಂಬಾಗಿಲಲ್ಲಿ ನಿಂತು ಕೇಳಿದಳು. ಮುದ್ದಮ್ಮ ಯಾಕೆ, ಏನು ಎನ್ನಲಿಲ್ಲ. ಮೊರದ ತುಂಬ ಮೂರು ಸಲ ತಂದರು. ಆ ಮನೆಯಲ್ಲಿ ಕೇರಿಯವರಿಗೆ ಏನು ಕೊಟ್ಟರೂ ಮೇಲಿನಿಂದ ಸುರಿಯುವುದು ರೂಢಿ. ಆ ದಿನ ಮುದ್ದಮ್ಮ ಬಗ್ಗಿ, ಮೊರವನ್ನು ಅವಳ ಸೆರಗಿಗೆ ಒತ್ತಿ ಇಳಿಸಿದರು. ಮಗಳ ಕೈ ಹೇಗಿದೆ ಎಂದೂ ಕೇಳಿದರು.

ಗುಂಡಿಗೆ ಅವಳ ಹಿತ್ತಿಲೇ ಜಾಗ. ಮನೆಯ ಮುಂದೆಲ್ಲ ಕಲ್ಲು. ಹಿತ್ತಿಲ ಕೊನೆಗೆ ಪುಟ್ಟಬಸವಯ್ಯನವರ ಗದ್ದೆಯ ಬದು. ಅಲ್ಲಿ ಮಾತ್ರ ಮಣ್ಣು ತೇವವಾಗಿತ್ತು. ಬದುವಿಗೆ ಮೂರು ಮಾರು ಬಿಟ್ಟು ಈಚೆಗೆ ಅಗೆಯಲು ಹಿಡಿದರು. ಮೊಣಕಾಲುದ್ದ ಹೋಗುತ್ತಲೇ ಗಟ್ಟಿ ಗರಸು. ಹಾರೆ ಹಾಕಿದರೆ ಕಿಡಿ. ಮರಿಯಯ್ಯ ಮೀಟಿದ, ಅವಳು ಮಂಕರಿಯಲ್ಲಿ ಎತ್ತಿ ಹಾಕಿದಳು. ಅಕ್ಕಪಕ್ಕದ ಹೆಂಗಸರು ಕೂಲಿಯಿಂದ ಬಂದವರು ಬಂದ ಹಾಗೇ ಕೈಹಾಕಿದರು. ಮೂರು ಸಂಜೆ ಹಿಡಿಯಿತು. ಅಂಗೈ ಬೊಕ್ಕೆ ಒಡೆದು ರಕ್ತ ಬಂದ ಕೈಯಲ್ಲೇ ಅವಳು ಉಪ್ಪು ಹರಡಿದಳು. ಉರಿದದ್ದು ಅಷ್ಟಿಷ್ಟಲ್ಲ. ಕವನ ಮೇಲೆ ನಿಂತು, ಈಗ ಇದ್ದಿಲವ್ವ, ಈಗ ಉಪ್ಪವ್ವ ಎಂದು ಹೇಳಿಕೊಡುತ್ತಿದ್ದಳು.

ತಂತಿ ಬಿಗಿದ ಮೇಲೆ ಎಲ್ಲರೂ ನಿಂತು ನೋಡಿದರು. ಯಾರೂ ಮುಂದೆ ಬರಲಿಲ್ಲ. ಮರಿತಾಯಮ್ಮ ಕಾಲಿಗೆ ನೀರು ಸುರಿದುಕೊಂಡಳು. ನೆಟ್ಟಗೆ ಹೋಗಿ ಅಂಚನ್ನು ಎರಡು ಕೈಯಲ್ಲೂ ಹಿಡಿದಳು. ಏನೂ ಇಲ್ಲ. ಬಿಸಿಲಿಗೆ ಕಾದ ಶೀಟು ಬೆಚ್ಚಗಿತ್ತು, ಅಷ್ಟೆ. ಆಮೇಲೆ ಹದಿನಾಲ್ಕು ಮನೆಯವರೂ ತಂತಮ್ಮ ಸೂರನ್ನು ಸವರಿ ಸವರಿ ನೋಡಿದರು. ಹೊಸದಾಗಿ ತಂದ ಎಮ್ಮೆಯ ಬೆನ್ನು ಸವರುವ ಹಾಗೆ.

ಐದು ದಿನ ಕಳೆಯಿತು. ಆರನೆಯ ದಿನ ಪುಟ್ಟಬಸವಯ್ಯನವರ ಹಸು ಸತ್ತ ಕರು ಹಾಕಿತು. ಮೊದಲ ಕರು. ಮನೆಯಲ್ಲಿ ಎಲ್ಲರೂ ಮುಖ ಬಾಡಿಸಿಕೊಂಡು ಕೂತಿರುವಾಗ, ಆ ಮನೆಯ ಆಳು ಮಾದಯ್ಯ ತಾನು ಬದುವಿನ ಮೇಲಿಂದ ಕಂಡದ್ದನ್ನು ಬಾಯಿಬಿಟ್ಟ. ಕೇರಿಯವರು ಗುಂಡಿ ತೋಡಿದರು. ತಾಮ್ರದ ತಗಡು ಹೂತರು. ಇದ್ದಿಲು ಹಾಕಿದರು, ಉಪ್ಪು ಹಾಕಿದರು. ನಿಮ್ಮ ಬದುವಿನ ಪಕ್ಕದಲ್ಲೇ.

ತಗಡು, ಇದ್ದಿಲು, ಉಪ್ಪು. ಆ ಸೀಮೆಯಲ್ಲಿ ಈ ಮೂರನ್ನು ಒಂದು ಗುಂಡಿಯಲ್ಲಿ ಹೂಳುವುದು ಏನಕ್ಕೆ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಮಾಟಕ್ಕೆ. ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಮಾರನೆಯ ದಿನ ಚಾವಡಿಯಲ್ಲಿ ಸೇರಿದರು. ಹಿರಿಯರು ಜಗುಲಿಯ ಮೇಲೆ. ಮರಿತಾಯಮ್ಮ ಕೆಳಗೆ, ಬಿಸಿಲಿನಲ್ಲಿ. ಮರಿಯಯ್ಯ ಅವಳ ಹಿಂದೆ ಟವಲು ಕಂಕುಳಲ್ಲಿ ಇಟ್ಟುಕೊಂಡು. ಪುಟ್ಟಬಸವಯ್ಯ ಕೂಗಾಡಲಿಲ್ಲ. ಅನ್ನ ಹಾಕಿದ ಮನೆಗೆ ಹೀಗೆ ಮಾಡಬಹುದಾ ಎಂದು ಮೆಲ್ಲಗೆ ಕೇಳಿದರು. ಅವಳು ಅರ್ತಿನ ವಿಷಯ ಹೇಳಿದಳು. ಸೂರು ಕಚ್ಚುವುದು, ಮಗಳ ಕೈ, ಕರೆಂಟು ಇಳಿಯುವ ದಾರಿ, ಎಲ್ಲ.

ಜಗುಲಿಯ ಮೇಲೊಬ್ಬರು ನಕ್ಕರು. "ಮನೇಲಿ ಬಲ್ಬೇ ಇಲ್ಲ, ಸೂರಲ್ಲಿ ಕರೆಂಟಂತೆ. ಯಾವ ಕಾಲೇಜಲ್ಲಿ ಓದ್ದೆ ತಾಯವ್ವ?"

"ಯಾರು ಯೋಳ್ಕೊಟ್ರು ಅದ ಯೋಳು," ಎಂದರು ಇನ್ನೊಬ್ಬರು. "ಕೊಳ್ಳೇಗಾಲದಿಂದ ಯಾರನ್ನ ಕರಸಿದ್ರಿ?"

ಹೆಸರು ಅವಳ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಒಬ್ಬ ಸರ್ಕಾರಿ ಮನುಷ್ಯ ಸಾಕ್ಷಿಗೆ ಸಿಗುತ್ತಿದ್ದ. ಟೀ ಲೋಟವನ್ನು ಅವಳ ಕಡೆಗೆ ಸರಿಸಿದ ಕೈ ಕಣ್ಣಮುಂದೆ ಬಂತು. ಅವಳು ಬಾಯಿ ಮುಚ್ಚಿಕೊಂಡಳು.

ಉಪ್ಪು ಎಲ್ಲಿಯದು ಎಂದು ಕೇಳಿದರು. ಅಷ್ಟು ಉಪ್ಪು ಕೇರಿಯಲ್ಲಿ ಎಲ್ಲಿಂದ ಬರಬೇಕು. ಚಾವಡಿಯ ಎದುರಿಗೇ ಪುಟ್ಟಬಸವಯ್ಯನವರ ಮನೆ. ಕಿಟಕಿಯ ಸರಳಿನ ಹಿಂದೆ ಮುದ್ದಮ್ಮ ನಿಂತಿದ್ದರು. ಒಂದು ಕೈ ಬಾಯಿಯ ಮೇಲಿತ್ತು. ಮರಿತಾಯಮ್ಮ ನೋಡಿದಳು. ಮುದ್ದಮ್ಮ ಹೇಳಲಿ ಎಂದು ಒಂದು ಗಳಿಗೆ ಆಸೆಪಟ್ಟಳು. ಕಿಟಕಿಯಲ್ಲಿ ಮುಖ ಇಲ್ಲವಾಯಿತು. ಆ ಹೆಂಗಸು ಆ ಮನೆಯಲ್ಲಿ ಇನ್ನೂ ಬಾಳಬೇಕು. "ಸಂತೇಲಿ ತಂದೆ," ಎಂದಳು.

ತನ್ನನ್ನು ಬಿಡಿಸುವ ಎರಡು ಮಾತೂ ಹೀಗೆ ಅವಳೊಳಗೇ ಉಳಿದವು.

ತೀರ್ಮಾನ ಹೇಳಿದರು. ಹೂತವಳೇ ಕೀಳಬೇಕು. ತಗಡನ್ನು ಬಾಯಲ್ಲಿ ಕಚ್ಚಿಕೊಂಡು, ಊರ ಬೀದಿಯಲ್ಲಿ ನಡೆದು, ಕಾಲುವೆಗೆ ಬಿಡಬೇಕು. ಅಲ್ಲಿಯವರೆಗೆ ಕೇರಿಯ ಯಾರಿಗೂ ಗದ್ದೆಯಲ್ಲಿ ಕೆಲಸವಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಹಿಟ್ಟಿನ ಮಿಲ್ಲಿಗೆ ಬರುವಂತಿಲ್ಲ.

ನಾಟಿಯ ಕಾಲ. ವರ್ಷದ ಅನ್ನ ಹುಟ್ಟುವ ತಿಂಗಳು. ಮೂರು ದಿನ ಕೇರಿಯವರು ಮರಿತಾಯಮ್ಮನ ಪರ ಇದ್ದರು. ನಾಲ್ಕನೆಯ ದಿನ ರಾಗಿ ಬೀಸಲು ಅಜ್ಜಿಯರ ಕಾಲದ ಕಲ್ಲು ಹುಡುಕಿ ತೆಗೆದರು. ಆರನೆಯ ದಿನ ಒಬ್ಬಳು ಅವಳಿಗೆ ಕೇಳುವಂತೆಯೇ ಅಂದಳು: ಸೂರು ಕಚ್ಚಿದ್ರೆ ಕೈ ಜೋಮಾಗ್ತಿತ್ತು, ಈಗ ಹೊಟ್ಟೆ ಜೋಮಾಗದೆ. ಅಂದವಳೇ ಸಂಜೆ ಬಂದು ಕವನಳಿಗೆ ಒಂದು ಸೌಟು ಹುರುಳಿಸಾರು ಕೊಟ್ಟು ಹೋದಳು. ಮರಿತಾಯಮ್ಮನಿಗೆ ಮಾತಿಗಿಂತ ಆ ಸಾರು ನುಂಗುವುದೇ ಕಷ್ಟವಾಯಿತು.

ಎಂಟನೆಯ ದಿನ ಮರಿಯಯ್ಯ ಹಾರೆ ತೆಗೆದುಕೊಂಡು ಹಿತ್ತಿಲಿಗೆ ಹೊರಟ. ಅವಳು ಅಡ್ಡ ನಿಂತಳು.

"ಬುಡು ತಾಯವ್ವ. ನಾ ಕಿತ್ತು, ನಾನೇ ಕಚ್ಕಂಡೋಯ್ತೀನಿ. ನಂದೇನು ಉಳಿದದೆ. ಬಾಯಲ್ಲಿ ಹಲ್ಲೂ ಇಲ್ಲ."

"ನಿಮ್ಮ ಬಾಯಿ ಅಂದ್ರೆ ನನ್ನ ಬಾಯಲ್ವಾ ಮಾವ?"

"ಐವತ್ತು ವರ್ಸ ಅವರ ಸತ್ತ ದನ ಎಳದಿವ್ನಿ. ಇದೊಂದು ಎಚ್ಚಾಯ್ತದಾ?"

ಅವಳು ಹಾರೆಯ ಇನ್ನೊಂದು ತುದಿ ಹಿಡಿದುಕೊಂಡಳು. ಆಗ ಅವಳಿಗೆ ಹೊಳೆಯಿತು. ಎಂಟು ದಿನದಿಂದ ಗುಂಡಿ ಬಯಲಲ್ಲಿದೆ. ಬೇಲಿಯಿಲ್ಲ, ಕಾವಲಿಲ್ಲ. ಬೇಡದವರು ಯಾವತ್ತು ಬೇಕಾದರೂ ಬಂದು ಕಿತ್ತೊಗೆಯಬಹುದಿತ್ತು. ಒಬ್ಬರೂ ಬಂದಿಲ್ಲ.

"ಮಾವ," ಎಂದಳು, "ಅವರು ಮುಟ್ಟಾಕೆ ಎದರ್ತಾರೆ. ಅದಕ್ಕೆ ನಮ್ಮನ್ನ ಕೀಳು ಅಂತಾವ್ರೆ. ದನಕ್ಕೂ ಅಂಗೇ ಅಲ್ವಾ ಕರೀತಿದ್ದುದು?"

ಮುದುಕ ಹಾರೆ ಬಿಟ್ಟ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಮಾರನೆಯ ಬೆಳಿಗ್ಗೆ ಪುಟ್ಟಬಸವಯ್ಯ ತಾವೇ ಬದುವಿನ ಮೇಲೆ ಬಂದರು. ಜೊತೆಗೆ ಇಬ್ಬರು ಹಿರಿಯರು. ಹಿಂದೆ ಮಾದಯ್ಯ, ಹೆಗಲ ಮೇಲೆ ಹೊಸ ಗುದ್ದಲಿ. ಬದು ಇಳಿದು ಹಿತ್ತಿಲಿಗೆ ಬಂದವರು ಗುಂಡಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತರು. ಅವರ ಭತ್ತದ ಒಟ್ಲಿನಲ್ಲಿ ನಾಟಿಯ ಪೈರು ಬಲಿತು ಹೋಗುತ್ತಿತ್ತು. ನೆಡಲು ಕೈ ಇರಲಿಲ್ಲ. ಅವರು ತಗ್ಗಿದ ದನಿಯಲ್ಲೇ ಮಾತಾಡಿದರು. ಬಾಯಲ್ಲಿ ಕಚ್ಚುವುದು ಬೇಡ. ಬೀದಿಯಲ್ಲಿ ನಡೆಯುವುದೂ ಬೇಡ. ಇಲ್ಲೇ ಕಿತ್ತು, ಹಿಂದಿನ ದಾರಿಯಲ್ಲಿ ಕಾಲುವೆಗೆ ಹಾಕಿಬಿಟ್ಟರೆ ಸಾಕು. ನಾಳೆಯಿಂದ ಎಲ್ಲರೂ ನಾಟಿಗೆ ಬರಲಿ.

ಸೇರಿದ್ದ ಕೇರಿಯವರ ಎದೆ ಹಗುರಾದದ್ದು ಅವರ ಉಸಿರಿನಲ್ಲೇ ಕೇಳಿಸಿತು. ಹುರುಳಿಸಾರು ಕೊಟ್ಟವಳು, ಒಪ್ಕೋ ಎಂದು ಕಣ್ಣಲ್ಲೇ ಬೇಡಿದಳು.

"ಬೇರೆ ಕಡೆ ಮತ್ತೆ ಊತ್ಕೋಬೋದಾ ಬುದ್ಧಿ?" ಎಂದು ಮರಿತಾಯಮ್ಮ ಕೇಳಿದಳು.

"ಮಾಟದ ಸಾಮಾನು ಈ ಊರಲ್ಲಿ ಇರಕೂಡದು."

ಅವಳು ಮಗಳ ಕಡೆ ನೋಡಿದಳು. ಕವನಳ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತು. ಕೈ ಬಿಳಿಚಿಕೊಂಡು ಕಡ್ಡಿಯಾಗಿತ್ತು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿತ್ತು.

"ಇದು ಮಾಟ ಅಲ್ಲ ಅಂದೆ, ನೀವು ನಂಬನಿಲ್ಲ," ಎಂದಳು. "ಈಗ ನಾನೇ ಕಿತ್ರೆ, ಮಾಟ ಮಾಡಿದ್ದೆ ಅಂತ ನಾನೇ ಒಪ್ಕಂಡಂಗೆ. ಸೂರು ಮತ್ತೆ ಕಚ್ತದೆ. ನನ್ನ ಮಗಳ ಕೈ ಇನ್ನೊಂದ್ಸಲ ಮುರೀತದೆ. ನಾ ಕೀಳಕಿಲ್ಲ. ನಿಮಗೆ ಬ್ಯಾಡದಿದ್ರೆ ನೀವು ಕಿತ್ಕಳಿ. ನಾ ಅಡ್ಡ ಬರಾಕಿಲ್ಲ."

ಹೇಳಿ, ಗುಂಡಿಯ ಪಕ್ಕದಿಂದ ನಾಲ್ಕು ಹೆಜ್ಜೆ ಸರಿದು ನಿಂತಳು. ದಾರಿ ಬಿಟ್ಟಳು.

ಪುಟ್ಟಬಸವಯ್ಯ ಮಾದಯ್ಯನಿಗೆ ಕೀಳು ಎಂದರು. ಮಾದಯ್ಯ ಬಂದ. ಗುಂಡಿಯ ಬಾಯಿಗೆ ಒಂದು ಮಾರು ಇರುವಾಗ ಅವನ ಕಾಲು ನಿಂತಿತು. ಗುದ್ದಲಿಯನ್ನು ಹೆಗಲಿಂದ ಇಳಿಸಿದ. ಹಸಿ ಮಣ್ಣಿನ ಮೇಲೆ ಮಲಗಿಸಿದ. ತಿರುಗಿ ನೋಡದೆ ಹಿಂದಕ್ಕೆ ನಡೆದ.

"ನಂಗೆ ಮಕ್ಕಳವೆ ಅಯ್ಯ," ಎಂದ.

ಹಿರಿಯರಿಬ್ಬರೂ ಕಾಲುವೆಯ ನೀರನ್ನು ನೋಡುತ್ತಿದ್ದರು. ಪುಟ್ಟಬಸವಯ್ಯ ಸುತ್ತ ಕಣ್ಣಾಡಿಸಿದರು. ಅವರ ಕಣ್ಣು ರೂಢಿಯ ಜಾಗದಲ್ಲಿ ಹೋಗಿ ನಿಂತಿತು.

"ಲೇ ಮರಿಯ. ನೀ ಕೀಳ್ಲಾ. ನಿನ್ನ ಸೊಸೆಗೆ ತಲೆ ಕೆಟ್ಟದೆ, ನಿಂಗಾದ್ರೂ ಬುದ್ಧಿ ಬ್ಯಾಡ್ವಾ?"

ಹಿತ್ತಿಲ ಗೋಡೆಗೆ ಒರಗಿ ಕೂತಿದ್ದ ಮರಿಯಯ್ಯ ಎದ್ದ. ಟವಲು ಕಂಕುಳಲ್ಲಿತ್ತು. ಗುದ್ದಲಿಯ ಹತ್ತಿರಕ್ಕೆ ನಡೆದ. ಐವತ್ತು ವರ್ಷ ಕರೆದಾಗೆಲ್ಲ ಹೋದ ಕಾಲು ಅದು. ಅವನು ಗುದ್ದಲಿಯನ್ನು ನೋಡಿದ. ಕಂಕುಳಿನ ಟವಲು ತೆಗೆದ. ಕೊಡವಿದ. ಹೆಗಲ ಮೇಲೆ ಹಾಕಿಕೊಂಡ.

"ಪುಟ್ಟಬಸವಯ್ಯನೋರೇ," ಎಂದ.

ಹುಟ್ಟಿದಾಗಿನಿಂದ ಅವನು ಆ ಮನೆಯವರನ್ನು ಬುದ್ಧಿ ಎಂದಲ್ಲದೆ ಹೆಸರು ಹಿಡಿದು ಕರೆದವನಲ್ಲ.

"ಸತ್ತ ದನ ಎಳಿ ಅಂದ್ರಿ, ಎಳದೆ. ಬಾವಿಗೆ ಬಿದ್ದ ಎಣ ಎತ್ತು ಅಂದ್ರಿ, ಎತ್ತಿದೆ. ನಿಮ್ಮ ತ್ವಾಟ ಉಳೀಲಿ ಅಂತ ಆ ಟವರಿನ ಕಬ್ಬಿಣಾನೂ ನಾನೇ ತಂದು ನನ್ನ ಮನೆ ನೆತ್ತಿ ಮೇಲೆ ನಿಲ್ಲಿಸ್ದೆ. ನೀವು ಮುಟ್ಟದ್ದನ್ನೆಲ್ಲ ಮುಟ್ದೆ. ಇದ ಮುಟ್ಟಕಿಲ್ಲ."

ಹೇಳಬೇಕಾದ್ದನ್ನು ಪೂರ್ತಿ ಹೇಳಿ, ಟವಲನ್ನು ಹೆಗಲ ಮೇಲೆ ಸರಿಮಾಡಿಕೊಂಡ.

ಪುಟ್ಟಬಸವಯ್ಯ ಎರಡು ಹೆಜ್ಜೆ ಮುಂದಕ್ಕೆ ಬಂದರು. ಗುಂಡಿಯ ಬಾಯಲ್ಲಿ ಇದ್ದಿಲ ಪುಡಿ ಕಪ್ಪಗೆ ಕಾಣುತ್ತಿತ್ತು. ಅಲ್ಲೇ ನಿಂತರು. ಉಗುಳಿದರು. ಹುಲ್ಲಹಳ್ಳಿಯಿಂದ ಆಳು ತರಿಸ್ತೀನಿ, ನೀವು ಇಲ್ಲೇ ಒಣಗಿ ಸಾಯಿರಿ ಎಂದು ಹೇಳಿ ಬದುವಿನ ಮೇಲೆ ಹೊರಟರು. ಹಿರಿಯರು ಹಿಂಬಾಲಿಸಿದರು. ಗುದ್ದಲಿ ತರುವಂತೆ ಮಾದಯ್ಯನಿಗೆ ಯಾರೂ ಹೇಳಲಿಲ್ಲ.

ಅವರು ಹೇಳಿದ ಹಾಗೇ ಮಾಡಿದರು. ಹೊರಗಿನ ಆಳು ಲಾರಿಯಲ್ಲಿ ಬಂತು. ಕೇರಿಯವರು ಬೆಳಗಿನ ಜಾವಕ್ಕೇ ಎದ್ದು ಹೆಡತಲೆ ಕಡೆಗೆ ಗುಂಪುಗಟ್ಟಿ ನಡೆದರು. ಕೆಲಸ ಸಿಕ್ಕ ದಿನ ಉಂಡರು, ಸಿಗದ ದಿನ ನೀರು ಕುಡಿದು ಮಲಗಿದರು. ಎರಡು ಮನೆಯವರು ಮರಿತಾಯಮ್ಮನ ಜೊತೆ ಮಾತು ಬಿಟ್ಟರು. ತಂತಿಯನ್ನು ಮಾತ್ರ ಅವರೂ ತಮ್ಮ ಸೂರಿನಿಂದ ಬಿಚ್ಚಲಿಲ್ಲ.

ಗುದ್ದಲಿ ಗುಂಡಿಯ ಪಕ್ಕ ಬಿದ್ದಲ್ಲೇ ಬಿದ್ದಿತ್ತು. ಮಳೆ ಬಂತು. ಹೊಸ ಕಬ್ಬಿಣದ ಮೇಲೆ ಕೆಂಪು ತುಕ್ಕು ಹತ್ತಿತು. ಒಳ್ಳೆಯ ಗುದ್ದಲಿ, ಎತ್ತಿಟ್ಟುಕೋ, ಯಾರೂ ಕೇಳಾಕೆ ಬರಾಕಿಲ್ಲ ಎಂದು ಪಕ್ಕದ ಮನೆಯವಳು ಒಂದು ದಿನ ಅಂದಳು.

ಮರಿತಾಯಮ್ಮ ಕೂಲಿಗೆ ಹೊರಟು ನಿಂತಿದ್ದಳು. ಬುತ್ತಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡಳು.

"ಅದು ಅವರದು," ಎಂದಳು. "ಬೇಕಾದ್ರೆ ಬಂದು ಎತ್ಕಂಡೋಗ್ಲಿ."